ಎರಡನೆಯ ತಿಂಗಳ ಮೂವತ್ತು

ದೇವಸ್ಥಾನದ ಕಚೇರಿಯಲ್ಲಿ ಪ್ರಿಂಟರಿನಿಂದ ಬೀಳುತ್ತಿದ್ದ ಹಳದಿ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ ಪೇಯುನ್‌ಳ ಕೈ ಒಂದು ಹೆಸರಿನ ಹತ್ತಿರ ಬಂದು ನಿಂತಿತು. ಹೆಸರೇನೋ ಸರಿಯಾಗಿತ್ತು, ತೋಫು ಮಾರುವ ತ್ಸೆಂಗ್ ತಾತನದು. ವಿಳಾಸವೂ ಸರಿ, ಬಂದರಿನ ರಸ್ತೆ, ಐಸ್ ಕಾರ್ಖಾನೆಯ ಎದುರು. ಹುಟ್ಟಿದ ದಿನದ ಜಾಗದಲ್ಲಿ ಮಾತ್ರ ಬರೀ ಸೊನ್ನೆ: ಸೊನ್ನೆ ವರ್ಷ, ಸೊನ್ನೆ ತಿಂಗಳು, ಸೊನ್ನೆ ದಿನ. ಶಾಯಿ ಮುಗಿದಿರಬೇಕು ಎಂದು ಮೊದಲು ಅಂದುಕೊಂಡಳು. ಶಾಯಿ ಮುಗಿದರೆ ಅಕ್ಷರ ಮಾಸುತ್ತದೆಯೇ ಹೊರತು ಇಷ್ಟು ದುಂಡಗೆ ಸೊನ್ನೆ ಬೀಳುವುದಿಲ್ಲ ಎಂದು ಗೊತ್ತಿದ್ದೂ ಹಾಗೆ ಅಂದುಕೊಂಡಳು, ಯಾಕೆಂದರೆ ಶಾಯಿಯಾಗಿದ್ದರೆ ತಪ್ಪು ಅವಳದಾಗುತ್ತಿರಲಿಲ್ಲ. ಮುಂದಿನ ಹಾಳೆಯಲ್ಲಿ ಬಲೆ ಹೆಣೆಯುವ ಹೆಂಗಸೊಬ್ಬಳು, ಅದರ ಮುಂದಿನದರಲ್ಲಿ ಶಾಲೆಯ ಬಸ್ಸಿನ ಡ್ರೈವರು, ಆಮೇಲೆ ಒಂದೇ ಮನೆಯ ಅಜ್ಜಿ ಮತ್ತು ಮೊಮ್ಮಗ. ಎಲ್ಲರಿಗೂ ಹೆಸರಿದೆ, ಮನೆಯಿದೆ, ಹುಟ್ಟು ಮಾತ್ರ ಇಲ್ಲ. ನಾಳೆ ಬೆಳಿಗ್ಗೆ ಪೂಜಾರಿ ಯೆನ್ ಈ ಹಾಳೆಗಳನ್ನು ಹಿಡಿದು ಕಡಲು ಕಾಯುವ ದೇವಿ ಮಾತ್ಸು ತಾಯಿಯ ಮುಂದೆ ಮೊಣಕಾಲೂರಿ ಒಬ್ಬೊಬ್ಬರದನ್ನೂ ಗಟ್ಟಿಯಾಗಿ ಓದಬೇಕು, ವರ್ಷವಿಡೀ ಅವರ ದೀಪ ಉರಿಯುವುದು ಆ ಓದಿನ ಮೇಲೆ. ಒಂದೇ ಹೆಸರಿನವರು ಈ ಬಂದರಿನಲ್ಲಿ ಎಷ್ಟೋ ಮಂದಿ. ಯಾವ ಮನೆಯವರು, ಯಾವ ದಿನ ಹುಟ್ಟಿದವರು ಎಂದು ಹೇಳದಿದ್ದರೆ ತಾಯಿಯಾದರೂ ಯಾರನ್ನೆಂದು ಹುಡುಕಬೇಕು? ಹುಟ್ಟಿದ ಘಳಿಗೆ ಗೊತ್ತಿಲ್ಲದವರಿಗೆ ವಿನಾಯಿತಿಯಿತ್ತು, ‘ಶುಭ ಘಳಿಗೆ’ ಎಂದು ಬರೆದರೆ ಸಾಕಿತ್ತು. ದಿನವೇ ಗೊತ್ತಿಲ್ಲದವರು ದೀಪ ಹಚ್ಚಿಸಲು ಬಂದ ನೆನಪು ಯಾರಿಗೂ ಇರಲಿಲ್ಲ.

ಕಿಟಕಿಯಾಚೆ ಅಂಗಳದಲ್ಲಿ ಯಾರೋ ಧೂಪದ ಕುಂಡದ ಬೂದಿ ಜರಡಿ ಹಿಡಿಯುತ್ತಿದ್ದರು. ಆ ಸದ್ದು ಕೇಳುತ್ತ ಕೂತ ಪೇಯುನ್‌ಗೆ ತನ್ನ ಬೆನ್ನ ಹಿಂದೆ ದೇವಸ್ಥಾನ ಸಮಿತಿಯ ಅಧ್ಯಕ್ಷ ಕೋ ನಿಂತಿದ್ದಾರೆ ಅನ್ನಿಸಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಅವರು ನಿಂತಿದ್ದದ್ದು ಕಳೆದ ಶರತ್ಕಾಲದಲ್ಲಿ. ದೀಪದ ಪಟ್ಟಿ ಬರೆದಿಡುತ್ತಿದ್ದ ಚಿಯಾಂಗ್ ಮಾಸ್ತರು ತೀರಿಕೊಂಡ ಮೇಲೆ ಅವರ ಕಾಲದ ಕಂಪ್ಯೂಟರೂ ಕೈಕೊಡತೊಡಗಿತ್ತು. ದೇವಸ್ಥಾನದ ಲೆಕ್ಕ ಬರೆಯುವ ಪೇಯುನ್, ತಾನೇ ಹೊಸ ಡೇಟಾಬೇಸ್ ಮಾಡಿಕೊಡುತ್ತೇನೆ, ಹೊರಗಿನವರಿಗೆ ಕೊಡುವುದು ಬೇಡ ಎಂದು ಸಮಿತಿಯ ಮುಂದೆ ಎದ್ದು ನಿಂತು ಹೇಳಿದ್ದಳು. ಯಾಕೆ ಹೇಳಿದಳೋ. ನಲವತ್ತು ದಾಟಿದ ಮೇಲೆ ತನಗೂ ಏನಾದರೂ ಬರುತ್ತದೆ ಎಂದು ಯಾರಿಗಾದರೂ ತೋರಿಸಬೇಕಾಗಿತ್ತು. ಅಲ್ಲಿ ಇಲ್ಲಿ ಓದಿ, ಯಾರೋ ಪುಣ್ಯಾತ್ಮರು ಬರೆದಿಟ್ಟ ಪುಟದಿಂದ ಸೆಟ್ಟಿಂಗಿನ ಸಾಲುಗಳನ್ನು ಹಾಗೇ ನಕಲು ಮಾಡಿ, ಹಳೆಯ ಯಂತ್ರದಿಂದ ತೆಗೆದ ಹೆಸರುಗಳನ್ನೆಲ್ಲ ಹೊಸದಕ್ಕೆ ಸುರಿದಿದ್ದಳು. ಮೊದಮೊದಲು ಅದು ಸಾಲುಗಳನ್ನು ಒಪ್ಪದೆ ಹಟ ಹಿಡಿಯಿತು. ಕಟ್ಟುನಿಟ್ಟು ಸಡಿಲಿಸುವ ಒಂದು ಸಾಲು ಅದೇ ಪುಟದಲ್ಲಿತ್ತು, ಅದನ್ನೂ ಹಾಕಿದಳು, ಹಟ ನಿಂತಿತು. ‘ಎಲ್ಲ ಸಾಲೂ ಸೇರಿತು’ ಎಂದು ಪರದೆಯ ಮೇಲೆ ಬಂದಾಗ ಹಿಂದೆ ನಿಂತಿದ್ದ ಅಧ್ಯಕ್ಷರು, ಮೀನಿನ ಹರಾಜು ಕೂಗಿ ಕೂಗಿ ಒಡೆದ ಆ ದನಿಯಲ್ಲಿ, ಭಲೆ ಅಂದಿದ್ದರು. ಅದರ ಕೆಳಗೇ ‘ಎಚ್ಚರಿಕೆ’ ಎಂದೂ ಏನೋ ಒಂದಿತ್ತು. ಹೊಗಳುತ್ತಿರುವವರ ಎದುರು ಎಚ್ಚರಿಕೆಯನ್ನು ಬಿಡಿಸಿ ಓದುವುದು ಅವಳಿಗೆ ಬೇಕಿರಲಿಲ್ಲ, ಪರದೆಯ ಆ ಕಿಟಕಿಯನ್ನು ಮುಚ್ಚಿದಳು. ಹಳೆಯ ಯಂತ್ರವನ್ನು ಗುಜರಿಯವನಿಗೆ ಕೊಡಿ ಎಂದವಳೂ ಅವಳೇ. ಹಳೆಯದರಿಂದ ಹೊಸದಕ್ಕೆ ಹೆಸರುಗಳನ್ನು ಸಾಗಿಸಿದ ಫೈಲನ್ನು ಅಚ್ಚುಕಟ್ಟಿನ ಹೆಸರಿನಲ್ಲಿ ಅಳಿಸಿದವಳೂ ಅವಳೇ.

ಅಧ್ಯಕ್ಷರು ನಿಜವಾಗಿಯೂ ಬಂದಾಗ ಅವಳು ಮುಚ್ಚಿಡಲಿಲ್ಲ, ಮುಚ್ಚಿಡುವುದಕ್ಕೆ ಧೈರ್ಯ ಬೇಕು. ಕೆಲವರ ಹುಟ್ಟಿದ ದಿನ ಹೋಗಿಬಿಟ್ಟಿದೆ ಅಂದಳು. ಅವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ಹಾಳೆ ಬಿಟ್ಟು ಕಂಪ್ಯೂಟರಿನ ಮೇಲಿಟ್ಟಿದ್ದ ಹಸಿರು ಪೊಟ್ಟಣವನ್ನು ಎತ್ತಿಕೊಂಡರು. ಜೋಳದ ಕುರುಕು ತಿಂಡಿ, ಅದರ ಹೆಸರಿನ ಅರ್ಥವೇ ‘ಜಾಣನಾಗಿರು’ ಎಂದು. ಊರಿನಲ್ಲಿ ಬ್ಯಾಂಕಿನಿಂದ ಹಿಡಿದು ಐಸ್ ಕಾರ್ಖಾನೆಯವರೆಗೆ ಅದನ್ನು ಮೇಲಿಡದ ಯಂತ್ರವೇ ಇಲ್ಲ. ಹಸಿರೇ ಆಗಬೇಕು, ಹಳದಿಯಾದರೆ ಯಂತ್ರ ಮುನಿಸಿಕೊಳ್ಳುತ್ತದೆ, ಅವಧಿ ಮುಗಿದಿದ್ದರೆ ಇನ್ನೂ ಕೆಟ್ಟದು. ಅಧ್ಯಕ್ಷರು ಪೊಟ್ಟಣದ ಬೆನ್ನಿನ ತಾರೀಖು ಓದಿದರು.

“ನೋಡು, ಹಬ್ಬಕ್ಕೆ ಮುಂಚೇನೇ ಮುಗಿದುಹೋಗಿದೆ. ಹಳಸಿದ್ದನ್ನ ಇಟ್ಟು ಕೆಲಸ ಮಾಡು ಅಂದ್ರೆ ಯಾರು ಮಾಡ್ತಾರಮ್ಮ?”

ಅವರು ಗೆದ್ದವರ ಹಾಗೆ ಹೊಸ ಪೊಟ್ಟಣ ತರಲು ಹೊರಟುಹೋದರು. ಪೇಯುನ್‌ಗೆ ಅಳು ಬಂತು, ಜೊತೆಗೆ ನಗುವೂ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮನುಷ್ಯನ ಮೇಲೆ ಹೊರಿಸಬೇಕಾದ್ದನ್ನು ಒಂದು ತಿಂಡಿಯ ಪೊಟ್ಟಣದ ಮೇಲೆ ಹೊರಿಸಿ ಹೋದ ಆ ಮುದುಕ ತನ್ನನ್ನು ಉಳಿಸುತ್ತಿದ್ದಾನೋ, ಅಥವಾ ಅಷ್ಟೇ ತಿಳಿದವನೋ ಎಂದು ಅವಳಿಗೆ ಗೊತ್ತಾಗಲಿಲ್ಲ.

ಡೇಟಾಬೇಸಿನವರ ಫೋರಂ ಒಂದಿದೆ ಎಂದು ಅವಳಿಗೆ ಗೊತ್ತಿತ್ತು. ಎಷ್ಟೋ ದಿನ ಅದರ ಹೊಸ್ತಿಲಲ್ಲೇ ನಿಂತು ಬೇರೆಯವರ ಪ್ರಶ್ನೋತ್ತರಗಳನ್ನು ಓದಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ತಿಳಿಯದೆ ಕೇಳಿದವರಿಗೆ ಆಗುವ ಮಂಗಳಾರತಿಯನ್ನು ನೋಡಿದ್ದಳು. ಇವತ್ತು ಬೇರೆ ದಾರಿಯಿರಲಿಲ್ಲ. ಊರಿನ ಹೆಸರು ಸೇರಿಸಿ ‘ಬುದೈ ಸಿಂಪಿ’ ಎಂದು ಹೆಸರು ಕೊಟ್ಟುಕೊಂಡು, ಎಲ್ಲ ಹಿರಿಯರಿಗೂ ನಮಸ್ಕಾರ ಎಂದು ಶುರು ಮಾಡಿ, ತಾನು ಹೊಸಬಳು, ಕ್ಷಮಿಸಬೇಕು, ತೊಂದರೆ ಕೊಡುತ್ತಿದ್ದೇನೆ ಎಂದು ಅರ್ಧ ಪುಟ ಬರೆದು, ಕೊನೆಯಲ್ಲಿ ಕೆಲವರ ಹುಟ್ಟಿದ ದಿನ ಮಾತ್ರ ಯಾಕೆ ಸೊನ್ನೆಯಾಯಿತು ಎಂದು ಕೇಳಿ, ಪರದೆಯ ಫೋಟೋವನ್ನು ಫೋನಿನಲ್ಲಿ ತೆಗೆದು ಅಂಟಿಸಿದಳು. ಫೋಟೋದಲ್ಲಿ ಅವಳ ಟೀ ಲೋಟವೂ ಬಂದಿತ್ತು. ಚಹಾ ಆರುವ ಮುಂಚೆಯೇ ‘ಕಬ್ಬಿಣತಲೆ’ ಎಂಬುವನ ಉತ್ತರ ಬಂತು. ಪರದೆಯ ಫೋಟೋ ಹಾಕಬಾರದು, ಅಕ್ಷರವನ್ನೇ ಅಂಟಿಸಬೇಕು, ಟೇಬಲ್ ಹೇಗೆ ಕಟ್ಟಿದ್ದೀರಿ ತೋರಿಸಿ, ಏನು ಸುರಿದಿರಿ ತೋರಿಸಿ, ಕ್ಷಮೆ ಕೇಳುವ ಜಾಗದಲ್ಲಿ ಆವೃತ್ತಿಯ ಸಂಖ್ಯೆ ಬರೆದಿದ್ದರೆ ಉಪಯೋಗವಾಗುತ್ತಿತ್ತು ಎಂದಿತ್ತು ಅದು. ಒಬ್ಬಳೇ ಕೂತಿದ್ದ ಕೋಣೆಯಲ್ಲಿ ಪೇಯುನ್‌ಳ ಕಿವಿ ಬಿಸಿಯಾಯಿತು. ಶಾಲೆಯಲ್ಲಿ ಹಲಗೆಯ ಮುಂದೆ ನಿಂತು ಸೀಮೆಸುಣ್ಣ ಹಿಡಿದು ಏನೂ ಬರೆಯಲಾಗದೆ ಇದ್ದಾಗ ಬೆನ್ನ ಮೇಲೆ ಬಿದ್ದಿದ್ದ ಇಡೀ ತರಗತಿಯ ನೋಟ ಮತ್ತೆ ಬಿದ್ದ ಹಾಗಾಯಿತು. ಆದರೂ ಕೇಳಿದ್ದನ್ನೆಲ್ಲ ಅಂಟಿಸಿದಳು. ಏನು ಸುರಿದೆ ಎನ್ನುವುದೊಂದನ್ನು ಬಿಟ್ಟು, ಯಾಕೆಂದರೆ ಅದು ಅವಳ ಬಳಿ ಇರಲಿಲ್ಲ.

ಹಾಗಿದ್ದರೆ ಸೊನ್ನೆಯಾದವರಲ್ಲಿ ಒಬ್ಬರನ್ನಾದರೂ ಕೇಳಿ, ನಿಜವಾದ ತಾರೀಖು ಏನು ಅಂತ, ಎಂದು ಬರೆದ ಕಬ್ಬಿಣತಲೆ. ಅವಳು ತ್ಸೆಂಗ್ ತಾತನಿಗೆ ಫೋನು ಮಾಡಿದಳು. ಆ ಕಡೆ ತೋಫು ಕುದಿಯುವ ಹಂಡೆಯ ಸದ್ದು. ಹುಟ್ಟಿದ ದಿನ ಕೇಳಿದ ಕೂಡಲೇ ತಾತ ರೇಗಿದ. ಇವಳ ಅಮ್ಮ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ತಾನು ಆ ದೇವಸ್ಥಾನದಲ್ಲಿ ದೀಪ ಹಚ್ಚಿಸುತ್ತಿದ್ದೇನೆ, ಈಗ ಬಂದು ಯಾವತ್ತು ಹುಟ್ಟಿದೆ ಅಂತ ಕೇಳುವುದೇ, ಮಾತ್ಸು ತಾಯಿಯೂ ಮರೆತುಬಿಟ್ಟಳೋ ಎಂದ.

“ತಾಯಿ ಮರೆತಿಲ್ಲ ತಾತ, ಮರೆತಿದ್ದು ನಾನು.”

“ಎರಡನೇ ತಿಂಗಳ ಮೂವತ್ತು. ಬರ್ಕೋ. ಕೈಮೇಲೆ ಬರ್ಕೋ.”

ಅದನ್ನು ಹಾಗೇ ಫೋರಂನಲ್ಲಿ ಬರೆದಳು. ಎಲ್ಲರೂ ಮಳೆಹುಳುಗಳ ಹಾಗೆ ಎದ್ದರು. ಫೆಬ್ರವರಿ ಮೂವತ್ತೇ, ನಿಮ್ಮೂರಿನಲ್ಲಿ ಫೆಬ್ರವರಿಗೆ ಎಷ್ಟು ದಿನ, ಆ ಲೆಕ್ಕದಲ್ಲಿ ನಮಗೂ ಸಂಬಳ ಕೊಡಿಸಿ ಎಂದನೊಬ್ಬ. ಇಲ್ಲದ ದಿನ ಹುಟ್ಟಿದವರು ದೆವ್ವಗಳಿರಬೇಕು, ಡೇಟಾಬೇಸಿನ ತಪ್ಪಲ್ಲ ಎಂದ ಇನ್ನೊಬ್ಬ. ಪೇಯುನ್ ಓದುತ್ತ ಹೋದಳು. ತನ್ನನ್ನು ಅಂದರೆ ಸಹಿಸಿಕೊಳ್ಳಬಹುದಿತ್ತು, ಅವರು ನಗುತ್ತಿದ್ದದ್ದು ತ್ಸೆಂಗ್ ತಾತನ ಹುಟ್ಟಿಗೆ. ಬೆಳಗಿನ ಜಾವಕ್ಕೆ ಎದ್ದು ಸೋಯಾ ರುಬ್ಬುವ ಮುದುಕನನ್ನು ತಾನು ಅಪರಿಚಿತರ ಬೀದಿಗೆ ತಂದು ನಿಲ್ಲಿಸಿದೆ ಅನ್ನಿಸಿತು. ಬರೆದದ್ದನ್ನು ಅಳಿಸಿ ಎದ್ದುಹೋಗಿಬಿಡಬೇಕು, ಎಲ್ಲರ ಮನೆಗೂ ಹೋಗಿ ಬಾಗಿಲು ತಟ್ಟಿ ಕೇಳಬೇಕು ಎಂದುಕೊಂಡಳು. ಆದರೆ ಸೊನ್ನೆಯಾದವರಲ್ಲಿ ಕೆಲವರು ದೂರದ ಕಾವೋಶಿಯುಂಗ್ ನಗರದಲ್ಲಿದ್ದರು, ಕೆಲವರು ಹಡಗಿನ ಮೇಲಿದ್ದರು, ಇಬ್ಬರಿಗೆ ಮಾತು ನಿಂತುಹೋಗಿತ್ತು. ಅಷ್ಟರಲ್ಲಿ ಕೆಳಗೆ ಹೊಸ ಹೆಸರೊಂದು ಕಾಣಿಸಿತು, ‘ಉಪ್ಪುಮೀನು’.

“ನಗೋರು ಸ್ವಲ್ಪ ನಿಲ್ಲಿಸಿ. ಇದು ಫೆಬ್ರವರಿ ಅಲ್ಲ. ಇವರು ದೇವಸ್ಥಾನದವರು, ಬರ್ಕೊಂಡಿರೋದು ಚಾಂದ್ರಮಾನದ ದಿನ. ಎರಡನೇ ತಿಂಗಳಿಗೆ ಕೆಲವು ವರ್ಷ ಮೂವತ್ತು ದಿನ ಇರತ್ತೆ. ಸಿಂಪಿಯವ್ರೇ, ಅದನ್ನ ತಾರೀಖಿನ ಕಾಲಂಗೆ ಹಾಕಿದೀರಿ, ಅದು ಫೆಬ್ರವರಿ ಅಂದ್ಕೊಂಡು, ಇಂಥ ದಿನ ಇಲ್ಲ ಅಂತ ಸೊನ್ನೆ ಮಾಡಿದೆ. ನಮ್ಮಜ್ಜಿನೂ ಅದೇ ದಿನ ಹುಟ್ಟಿದ್ದು. ನಾನು ಬರೆದ ಮೊದಲನೇ ಪ್ರೋಗ್ರಾಂ ಅವ್ಳು ಹುಟ್ಟೇ ಇಲ್ಲ ಅಂದಿತ್ತು.”

ಪೇಯುನ್ ಅದನ್ನು ಮತ್ತೆ ಮತ್ತೆ ಓದಿದಳು. ಇಷ್ಟೇ ಆಗಿತ್ತು. ಉಳಿದ ಹನ್ನೊಂದು ತಿಂಗಳಿಗೆ ಎರಡು ಪಂಚಾಂಗವೂ ಹೊಂದಿಕೊಂಡು ಹೋಗಿದ್ದವು, ಆ ಒಂದು ತಿಂಗಳ ಬಾಲದಲ್ಲಿ ಮಾತ್ರ ಹುಟ್ಟಿದವರು ಜಾರಿ ಬಿದ್ದಿದ್ದರು. ಅವಳು ಹುಟ್ಟಿ ಬೆಳೆದದ್ದೇ ಈ ಎರಡು ಲೆಕ್ಕಗಳ ನಡುವೆ, ಸಂಬಳ ಒಂದರಲ್ಲಿ, ಹಬ್ಬ ಇನ್ನೊಂದರಲ್ಲಿ. ಎಷ್ಟು ಸಲೀಸಾಗಿ ದಾಟುತ್ತಿದ್ದಳೆಂದರೆ ನಡುವೆ ಹೊಸ್ತಿಲಿರುವುದೇ ಮರೆತುಹೋಗಿತ್ತು. ತಪ್ಪು ಗೊತ್ತಾದ ನಾಚಿಕೆಗಿಂತ, ಎಲ್ಲೋ ಕೂತ ಒಬ್ಬ ಅಪರಿಚಿತನಿಗೆ ತ್ಸೆಂಗ್ ತಾತ ದೆವ್ವವಾಗಿ ಕಾಣದೆ ಅಜ್ಜಿಯ ಜೊತೆಗಾರನಾಗಿ ಕಂಡನಲ್ಲ ಎಂಬ ಸಮಾಧಾನವೇ ಅವಳಿಗೆ ಹೆಚ್ಚಾಯಿತು. ಧನ್ಯವಾದ ಎಂದು ಬರೆಯಲು ಹೋಗಿ, ಅದಕ್ಕೂ ಬೈಸಿಕೊಳ್ಳುತ್ತೇನೇನೋ ಎಂದು ಹೆದರಿ ಅಳಿಸಿದಳು. ಕಳೆದುಹೋದ ದಿನಗಳು ಸಿಗುತ್ತವೆಯೇ ಎಂದಷ್ಟೇ ಕೇಳಿದಳು.

ಕಬ್ಬಿಣತಲೆ, ಆಗದು ಎಂದ. ಸೊನ್ನೆಯಾದದ್ದು ಸೊನ್ನೆಯೇ, ಟೇಬಲಿನೊಳಗೆ ಇನ್ನೇನೂ ಉಳಿದಿರುವುದಿಲ್ಲ. ಉಪ್ಪುಮೀನು, ನಿಮ್ಮ ಸೆಟ್ಟಿಂಗನ್ನು ಅಂಟಿಸಿ ಎಂದ. ಅವಳು ಅಂಟಿಸಿದಳು. ಹಾಗೆ ಅಂಟಿಸುವಾಗ ನೆರೆಯವರನ್ನು ಅಡುಗೆಮನೆಗೆ ಕರೆದು ತೊಳೆಯದ ಪಾತ್ರೆ ತೋರಿಸಿದ ಹಾಗೆ ಅನ್ನಿಸಿತು, ಆ ಸಾಲುಗಳನ್ನು ಯಾವ ಪುಟದಿಂದ ಕದ್ದದ್ದೋ ಅವಳಿಗೇ ನೆನಪಿರಲಿಲ್ಲ. ಕಟ್ಟುನಿಟ್ಟು ಸಡಿಲಿಸಿದ ಸಾಲನ್ನು ನೋಡಿ ಕಬ್ಬಿಣತಲೆ ಹಣೆ ಚಚ್ಚಿಕೊಳ್ಳುವ ಚಿತ್ರ ಹಾಕಿದ. ಅದರ ಕೆಳಗಿನ ಸಾಲನ್ನು ಉಪ್ಪುಮೀನು ನೋಡಿದ. ನಿಮ್ಮ ಪುಣ್ಯ, ಲಾಗ್ ಬರೆಯುವ ಸಾಲೂ ಇದೆ, ಅದೂ ಹಳೇ ರೀತಿಯದು, ಯಾರು ಹೇಳಿಕೊಟ್ಟರು ಎಂದು ಕೇಳಿದ. ಯಾರೂ ಅಲ್ಲ, ಅರ್ಥವಾಗದೆ ನಕಲು ಮಾಡಿದ್ದೆ ಎಂದು ಅವಳು ನಿಜ ಹೇಳಿದಳು.

“ಹಾಗಾದ್ರೆ ಗಾಬರಿ ಬೇಡ. ಟೇಬಲ್ ಇದೆಯಲ್ಲ, ಅದು ತನಗೆ ಅರ್ಥ ಆಗಿದ್ದನ್ನ ಇಟ್ಕೊಳತ್ತೆ. ಲಾಗ್ ಹಾಗಲ್ಲ, ನೀವು ಏನಂದ್ರೋ ಅದನ್ನ ಅಂದ ಹಾಗೇ ಬರ್ಕೊಂಡಿರತ್ತೆ. ನೀವು ಮೂವತ್ತು ಅಂದಿದ್ರೆ ಅಲ್ಲಿ ಮೂವತ್ತೇ ಇರತ್ತೆ.”

ಲಾಗನ್ನು ಓದುವ ಆಜ್ಞೆಯನ್ನು ಅವನು ಬರೆದು ಕಳಿಸಿದ, ಮೊದಲು ಎಲ್ಲದರ ಪ್ರತಿ ಮಾಡಿಟ್ಟುಕೊಳ್ಳಿ ಎಂದು ಗದರಿಸಿದ್ದು ಕಬ್ಬಿಣತಲೆ. ಪ್ರತಿ ಮಾಡಿದಳು. ಆಜ್ಞೆ ಒತ್ತಿದಳು. ಪರದೆಯ ಮೇಲೆ ಅವಳದೇ ಸಾಲುಗಳು ಹರಿಯತೊಡಗಿದವು, ಶರತ್ಕಾಲದ ಆ ಮಧ್ಯಾಹ್ನ ಅವಳು ಹೇಳಿದ್ದೆಲ್ಲ, ಅವಳ ಕಾಗುಣಿತದ ತಪ್ಪುಗಳ ಸಮೇತ, ಯಾರೂ ತಿದ್ದದೆ ಕಾದಿತ್ತು. ತ್ಸೆಂಗ್ ತಾತ ಬಂದ, ಎರಡನೆಯ ತಿಂಗಳ ಮೂವತ್ತು. ಬಲೆ ಹೆಣೆಯುವವಳು ಬಂದಳು. ಬಸ್ಸಿನ ಡ್ರೈವರು, ಅಜ್ಜಿ, ಮೊಮ್ಮಗ. ಸಮುದ್ರಕ್ಕೆ ಹೋದ ದೋಣಿಗಳು ಒಂದೊಂದಾಗಿ ಕಟ್ಟೆಗೆ ಬರುವುದನ್ನು ಬಂದರಿನ ಹೆಂಗಸರು ನಿಂತು ನೋಡುವ ಹಾಗೆ ಅವಳು ನೋಡಿದಳು. ಹುಟ್ಟಿದ ದಿನಕ್ಕೆ ಇನ್ನು ತಾರೀಖಿನ ಕಾಲಂ ಬೇಡ, ವರ್ಷ, ತಿಂಗಳು, ದಿನ ಮೂರನ್ನೂ ಬೇರೆ ಬೇರೆ ಅಂಕಿಯಾಗಿ ಇಡಿ, ದೇವರ ಲೆಕ್ಕವನ್ನು ಸರ್ಕಾರದ ಲೆಕ್ಕದ ಡಬ್ಬಿಗೆ ತುರುಕಬೇಡಿ ಎಂದ ಉಪ್ಪುಮೀನು. ಲಾಗಿನಿಂದ ಆ ಸಾಲುಗಳನ್ನಷ್ಟೇ ಹೆಕ್ಕಿ ಹೊಸ ಕಾಲಂಗಳಿಗೆ ಹಾಕುವ ತುಣುಕನ್ನು ಬರೆದುಕೊಟ್ಟದ್ದು, ಕೇಳದೆಯೇ, ಕಬ್ಬಿಣತಲೆ. ಅದರ ಕೊನೆಯಲ್ಲಿ ‘ಫೋಟೋದಲ್ಲಿದ್ದ ಟೀ ಆರಿ ತಣ್ಣಗಾಗಿರಬೇಕು, ಬಿಸಿ ಮಾಡಿಕೊಳ್ಳಿ’ ಎಂದಿತ್ತು. ಸಂಬಳದ ದಿನ ಹೆಚ್ಚಿಸಿ ಎಂದು ನಕ್ಕವನೂ ಬಂದು, ತನ್ನ ಅತ್ತೆಯದು ಯಾವ ದಿನ ಎಂದು ಈಗಷ್ಟೇ ಹೆಂಡತಿಯನ್ನು ಕೇಳಿ ಬೈಸಿಕೊಂಡೆ ಎಂದು ಬರೆದ. ಪೇಯುನ್ ಟೀ ಲೋಟವನ್ನು ನೋಡಿದಳು. ಇವರಿಗೆಲ್ಲ ಏನಾಗಬೇಕಿತ್ತು ತನ್ನಿಂದ? ಅವರವರ ಕಚೇರಿಯಲ್ಲಿ ಅವರವರ ಕೆಲಸ ಬಿಟ್ಟು, ಮುಖ ನೋಡದ ಒಬ್ಬಳ ಊರಿನ ತೋಫು ಮಾರುವವನ ದೀಪಕ್ಕಾಗಿ ಮಧ್ಯಾಹ್ನವನ್ನು ಕೊಟ್ಟಿದ್ದರು. ಕೊಟ್ಟೆವು ಎಂದು ತೋರಿಸಿಕೊಳ್ಳುವಷ್ಟು ನಯವೂ ಅವರಲ್ಲಿರಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಇಷ್ಟವಾಯಿತು.

ಎಲ್ಲ ಮುಗಿಯಿತು ಎಂದು ಬರೆದು, ಈ ಸಲ ಹೆದರದೆ ಧನ್ಯವಾದ ಹೇಳಿ, ಪೇಯುನ್ ಹಾಳೆಗಳನ್ನು ಮತ್ತೆ ಪ್ರಿಂಟರಿಗೆ ಕಳಿಸುವವಳಿದ್ದಳು. ಉಪ್ಪುಮೀನಿನ ಇನ್ನೊಂದು ಸಾಲು ಬಂತು.

“ಒಂದು ಕೇಳೋದು ಮರ್ತೆ. ಸುರಿಯೋಕೆ ಮುಂಚೆ ಕೈಯಿಂದ ಯಾವುದನ್ನಾದ್ರೂ ತಿದ್ದಿದ್ರಾ? ಅದು ಲಾಗಲ್ಲಿ ಸಿಗಲ್ಲ. ಸೊನ್ನೆನೂ ಆಗಿರಲ್ಲ, ಸರಿ ಇದ್ದ ಹಾಗೇ ಕಾಣ್ತಿರತ್ತೆ. ಅದನ್ನ ಆ ಮನುಷ್ಯರನ್ನೇ ಕೇಳ್ಬೇಕು.”

ಇಲ್ಲ ಎಂದು ಬರೆಯಲು ಬೆರಳು ಕೀಲಿಗಳ ಮೇಲಿಟ್ಟಳು. ಹಾಗೇ ಹಿಂದೆಗೆದಳು. ತಿದ್ದಿದ್ದಳು. ಒಂದೇ ಒಂದನ್ನು. ಎಲ್ಲಕ್ಕಿಂತ ಮೊದಲು, ಪರೀಕ್ಷೆಗೆಂದು, ಅಪಶಕುನ ಬೇಡ ಎಂದು, ಅಮ್ಮನ ಸಾಲನ್ನೇ ತೆಗೆದುಕೊಂಡಿದ್ದಳು. ಲಿಮ್ ಬಾಂಗ್‌ಛಿ, ಎರಡನೆಯ ತಿಂಗಳ ಮೂವತ್ತು ಎಂದಿತ್ತು ಅಲ್ಲಿ. ಯಂತ್ರ ಒಪ್ಪಲಿಲ್ಲ. ಆಗ ಅವಳು ನಕ್ಕಿದ್ದಳು, ಒಬ್ಬಳೇ. ಚಿಯಾಂಗ್ ಮಾಸ್ತರು ತೂಕಡಿಸುತ್ತ ಬರೆದಿರಬೇಕು, ಪಾಪ ಎಂದುಕೊಂಡಿದ್ದಳು. ಅಮ್ಮ ಹುಟ್ಟಿದ ದಿನ ತನಗೆ ಗೊತ್ತಿಲ್ಲವೇ, ಗುರುತಿನ ಚೀಟಿಯಲ್ಲೇ ಇದೆ, ಹತ್ತನೆಯ ತಿಂಗಳಲ್ಲಿ, ವರ್ಷ ವರ್ಷ ತಾನೇ ಕೇಕು ತರುವುದಿಲ್ಲವೇ ಎಂದು ಮೂವತ್ತನ್ನು ಅಳಿಸಿ ಆ ದಿನವನ್ನು ಬರೆದಿದ್ದಳು. ಯಂತ್ರ ಒಪ್ಪಿಕೊಂಡಿತು. ಇವತ್ತು ಬೆಳಿಗ್ಗೆ ಹಾಳೆ ಜೋಡಿಸುವಾಗಲೂ ಅಮ್ಮನ ಹೆಸರಿನ ಮೇಲೆ ಕಣ್ಣು ಹಾಯ್ದಿತ್ತು, ಸದ್ಯ ಇದೊಂದು ಸರಿಯಿದೆ ಅನ್ನಿಸಿತ್ತು. ಯಂತ್ರಕ್ಕೆ ತಿಳಿಯದಾಗ ಅದು ಸೊನ್ನೆ ಹಾಕಿತು, ತಿಳಿಯದು ಎಂದು ಒಪ್ಪಿಕೊಂಡಿತು, ಎಚ್ಚರಿಕೆಯನ್ನೂ ಕೊಟ್ಟಿತು. ಅವಳು ಅಷ್ಟನ್ನೂ ಮಾಡಿರಲಿಲ್ಲ.

ಅಮ್ಮ ಕೆಲಸ ಮಾಡುವ ಜಾಗ ದೇವಸ್ಥಾನದಿಂದ ದೂರವಿರಲಿಲ್ಲ. ಬಂದರಿನ ರಸ್ತೆಯ ಅಂಚಿನಲ್ಲಿ ತಗಡಿನ ಮಾಡಿನ ಕೆಳಗೆ ನಾಲ್ಕೈದು ಹೆಂಗಸರು ತಗ್ಗು ಸ್ಟೂಲುಗಳ ಮೇಲೆ ಕೂತು ಸಿಂಪಿಯ ಚಿಪ್ಪು ಬಿಡಿಸುತ್ತಿದ್ದರು, ಪಕ್ಕದಲ್ಲಿ ಖಾಲಿ ಚಿಪ್ಪಿನ ಗುಡ್ಡೆ ಅವರ ಹೆಗಲೆತ್ತರಕ್ಕೆ ಬೆಳೆದಿತ್ತು. ಬಾಂಗ್‌ಛಿ, ಅಂದರೆ ಹೇಗೋ ಸಾಕಿದರಾಯಿತು. ಗಂಡು ಬೇಕಾಗಿದ್ದ ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ಆ ಕಾಲದಲ್ಲಿ ಇಡುತ್ತಿದ್ದ ಹೆಸರು ಅದು. ಹೂವಿನ ಕುಪ್ಪಸ, ಮೊಣಕೈವರೆಗೆ ರಬ್ಬರಿನ ತೋಳು, ಕೈಯಲ್ಲಿ ಗಿಡ್ಡ ಚೂರಿ. ಪೇಯುನ್ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ದಾರಿಯುದ್ದಕ್ಕೂ ಹೇಗೆ ಕೇಳಲಿ ಎಂದು ಯೋಚಿಸಿದ್ದೆಲ್ಲ ಮರೆತುಹೋಗಿತ್ತು.

“ಅಮ್ಮ, ನೀನು ಹುಟ್ಟಿದ್ದು ಯಾವತ್ತು?”

“ಯಾಕೆ, ಕೇಕ್ ತರೋ ತಿಂಗಳು ಬಂತಾ?”

“ಅದಲ್ಲ. ನಿಜವಾದ್ದು.”

ಅಮ್ಮನ ಚೂರಿ ಒಂದು ಚಿಪ್ಪನ್ನು ಬಿಡಿಸಿತು, ಇನ್ನೊಂದನ್ನು ತೆಗೆದುಕೊಂಡಿತು. “ಎರಡನೇ ತಿಂಗಳ ಮೂವತ್ತು. ಚಿಯಾಂಗ್ ಮಾಸ್ತರಿಗೆ ಹೇಳಿದ್ನಲ್ಲ, ಬರ್ಕೊಂಡಿದ್ರು.”

“ಬರ್ಕೊಂಡಿದ್ರು. ನಾನೇ ತಪ್ಪು ಅಂತ ತಿದ್ದಿಬಿಟ್ಟೆ.”

ಪಕ್ಕದ ಹೆಂಗಸು ನಗು ತಡೆಯಲಾರದೆ ಕೆಮ್ಮಿದಳು. ಅಮ್ಮ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನಿಮ್ಮಜ್ಜನೂ ಹಾಗೇ ಮಾಡಿದ್ದು ಎಂದಳು. ಹೆಣ್ಣು ಉಳಿಯುತ್ತದೋ ಇಲ್ಲವೋ ನೋಡೋಣ ಎಂದು ಹೆಸರು ನೋಂದಾಯಿಸದೆ ಬಿಟ್ಟಿದ್ದರಂತೆ. ಉಳಿದುಕೊಂಡಿತು. ಬೆಲ್ಲ ತರಲು ಪೇಟೆಗೆ ಹೋದವರು ಹಾಗೇ ಕಚೇರಿಗೂ ಹೋಗಿದ್ದಾರೆ, ಯಾವತ್ತು ಹುಟ್ಟಿದ್ದು ಎಂದು ಗುಮಾಸ್ತ ಕೇಳಿದರೆ ಅಜ್ಜನಿಗೆ ನೆನಪಿಲ್ಲ, ಇವತ್ತೇ ಅಂತ ಬರೆಯಲೇ ಅಂದನಂತೆ ಗುಮಾಸ್ತ, ಬರಿ ಅಂದರಂತೆ ಅಜ್ಜ. ನಿಜವಾದ ದಿನ ನೆನಪಿದ್ದದ್ದು ಅಜ್ಜಿಗೊಬ್ಬಳಿಗೆ, ಸಾಯುವ ಮುಂಚೆ ಹೇಳಿ ಹೋದಳು, ಮರೆತುಹೋಗದಿರಲಿ ಎಂದು ಮಾಸ್ತರಿಗೆ ಹೇಳಿ ದೇವರ ಹತ್ತಿರ ಇಟ್ಟೆ ಎಂದಳು ಅಮ್ಮ. ಪೇಯುನ್ ಚಿಪ್ಪಿನ ಗುಡ್ಡೆಯನ್ನು ನೋಡುತ್ತಿದ್ದಳು. ವರ್ಷ ವರ್ಷ ಹತ್ತನೆಯ ತಿಂಗಳಲ್ಲಿ ತಾನು ತಂದ ಕೇಕಿನ ಮೇಲೆ ಊದಿ ಮೇಣದಬತ್ತಿ ಆರಿಸುತ್ತಿದ್ದ ಅಮ್ಮನ ಮುಖ ಕಣ್ಣಮುಂದೆ ಬಂತು. ಅಜ್ಜ ಬೆಲ್ಲ ಕೊಂಡ ದಿನವನ್ನು ತಾನು ಹಬ್ಬ ಮಾಡುತ್ತಿದ್ದೆ ಎಂದುಕೊಂಡಳು.

“ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಕೇಕ್ ಚೆನ್ನಾಗಿರ್ತಿತ್ತು. ಹೇಳಿದ್ರೆ ಎರಡನೇ ತಿಂಗಳಿಗೆ ತರ್ತಿದ್ದೆ. ಆ ಮೂವತ್ತು ಎಲ್ಲ ವರ್ಷ ಎಲ್ಲಿ ಬರತ್ತೆ?” ಎಂದಳು ಅಮ್ಮ. “ಎದ್ದೇಳು, ನೀರು ಹಾರತ್ತೆ. ಕಚೇರಿ ಬಟ್ಟೆ.”

ಹಿಂದಿರುಗುವಾಗ ಪೇಯುನ್‌ಗೆ ಅಳು ಬರಲಿಲ್ಲ, ಬರುತ್ತದೆ ಎಂದುಕೊಂಡಿದ್ದಳು. ಬದಲಿಗೆ ಒಂದು ಹಗುರ, ಜ್ವರ ಬಿಟ್ಟ ಮೊದಲ ಬೆಳಿಗ್ಗೆ ಗಂಜಿ ರುಚಿಸುವಂಥದು. ಸೊನ್ನೆಗಳು ಕಾಣಿಸಿಕೊಂಡದ್ದೇ ಒಳ್ಳೆಯದಾಯಿತು ಅನ್ನಿಸಿತು, ಕಾಣಿಸಿಕೊಳ್ಳದಿದ್ದರೆ ಅವಳು ಕೇಳುತ್ತಿರಲಿಲ್ಲ. ಕಬ್ಬಿಣತಲೆ ಬೈದದ್ದು ಒಳ್ಳೆಯದಾಯಿತು. ತ್ಸೆಂಗ್ ತಾತ ರೇಗಿದ್ದು ಒಳ್ಳೆಯದಾಯಿತು. ಕಚೇರಿಗೆ ಬಂದರೆ ಕಂಪ್ಯೂಟರಿನ ಮೇಲೆ ಹೊಸ ಹಸಿರು ಪೊಟ್ಟಣ ಕೂತಿತ್ತು, ಪಕ್ಕದಲ್ಲಿ ಅಧ್ಯಕ್ಷರು ಕೈಕಟ್ಟಿ ನಿಂತಿದ್ದರು. ಸರಿಹೋಯಿತೇ ಎಂದು ಕೇಳಿದರು. ಸರಿಹೋಯಿತು ಅಂದಳು. ನೋಡಿದೆಯಾ ಎಂದು ಪೊಟ್ಟಣದ ಕಡೆ ಗಲ್ಲ ಎತ್ತಿದರು. ಅವಳು ಅದಕ್ಕೂ ಮನಸ್ಸಿನಲ್ಲೇ ಕೈಮುಗಿದಳು.

ಅಮ್ಮನ ಸಾಲನ್ನು ತನ್ನ ಕೈಯಾರೆ ಬರೆದ ಮೇಲೆ ಫೋರಂಗೆ ಹೋಗಿ, ನಡೆದದ್ದನ್ನೆಲ್ಲ, ಮುಂದೆ ಯಾರಾದರೂ ದೇವಸ್ಥಾನದವರು ಇದೇ ಗುಂಡಿಗೆ ಬಿದ್ದರೆ ಅವರಿಗಿರಲಿ ಎಂದು, ವಿವರವಾಗಿ ಬರೆದಿಟ್ಟಳು. ಕ್ಷಮೆ ಕೇಳಲಿಲ್ಲ, ಆವೃತ್ತಿಯ ಸಂಖ್ಯೆ ಬರೆದಳು. ಉಪ್ಪುಮೀನಿಗೆ ಪ್ರತ್ಯೇಕವಾಗಿ, ನಿಮ್ಮ ಹೆಸರಿನಲ್ಲಿ ಒಂದು ದೀಪ ಹಚ್ಚಬೇಕೆಂದಿದ್ದೇನೆ, ಹೆಸರು, ಹುಟ್ಟಿದ ದಿನ, ವಿಳಾಸ ಕಳಿಸಿ ಎಂದು ಕೇಳಿದಳು. ಸಂಜೆಯವರೆಗೂ ಉತ್ತರವಿಲ್ಲ. ಕೊನೆಗೆ, ಅಜ್ಜಿಯ ದಿನ ನೆನಪಿಟ್ಟುಕೊಂಡದ್ದು ಒಬ್ಬರಿಗಾದರೂ ಉಪಯೋಗಕ್ಕೆ ಬಂತಲ್ಲ, ಅದೇ ಸಾಕು, ಹೆಸರೆಲ್ಲ ಬೇಡ ಎಂದು ಬಂತು. ಅವಳು ದೀಪದ ಪಟ್ಟಿಯ ಕೊನೆಗೆ ಹೊಸ ಸಾಲೊಂದನ್ನು ಸೇರಿಸಿದಳು. ಮೂರು ಅಂಕಿಗಳ ಜಾಗದಲ್ಲಿ ಸೊನ್ನೆ ಹಾಕಿದಳು, ಈ ಸಲ ತಿಳಿದೇ.

ಬೆಳಿಗ್ಗೆ ಪೂಜಾರಿ ಯೆನ್ ಹಾಳೆಗಳನ್ನು ಹಣೆಗೊತ್ತಿಕೊಂಡು ಓದಲು ಶುರು ಮಾಡಿದರು. ಪ್ರಾಂಗಣದ ತುಂಬ ಜನ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ತಮ್ಮ ತಮ್ಮ ಹೆಸರಿಗೆ ಕಾಯುತ್ತಿದ್ದರು. ತ್ಸೆಂಗ್ ತಾತನ ದಿನವನ್ನು ಓದಿದಾಗ ಆತ ಇಡೀ ಊರಿಗೆ ಕೇಳುವಂತೆ ಹೂಂ ಅಂದ. ಬರುವುದಿಲ್ಲ, ಕೆಲಸವಿದೆ ಎಂದಿದ್ದ ಅಮ್ಮ ಯಾವಾಗಲೋ ಬಂದು ಪೇಯುನ್‌ಳ ಪಕ್ಕ ನಿಂತಿದ್ದಳು, ಇಸ್ತ್ರಿ ಮಾಡಿದ ಕುಪ್ಪಸ ತೊಟ್ಟಿದ್ದಳು. ಲಿಮ್ ಬಾಂಗ್‌ಛಿ, ಎರಡನೆಯ ತಿಂಗಳ ಮೂವತ್ತು, ಶುಭ ಘಳಿಗೆ ಎಂದು ಓದಿದರು ಪೂಜಾರಿ. ಅಮ್ಮ ಧೂಪದ ಕಡ್ಡಿ ಹಿಡಿದ ಕೈಯನ್ನು ಎದೆಯಿಂದ ಹಣೆಯವರೆಗೆ ಎತ್ತಿ ಇಳಿಸಿದಳು. ಮಗಳ ಕಡೆ ನೋಡಲಿಲ್ಲ, ಆದರೆ ಮೊಣಕೈಯಿಂದ ಅವಳನ್ನು ಮೆಲ್ಲಗೆ ತಿವಿದಳು. ಕೊನೆಯ ಹಾಳೆಯ ಕೊನೆಯ ಸಾಲಿಗೆ ಬಂದಾಗ ಪೂಜಾರಿ ತಡೆದರು. ಕನ್ನಡಕ ಮೇಲೆತ್ತಿ ಪೇಯುನ್‌ಳನ್ನು ನೋಡಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರು ಗಂಟಲು ಸರಿಮಾಡಿಕೊಂಡು, ಸೊನ್ನೆಗಳ ಜಾಗದಲ್ಲಿ ತಾವೇ ಶುಭ ಸೇರಿಸಿ, ಉಳಿದವರಿಗೆ ಓದಿದಷ್ಟೇ ಗಂಭೀರವಾಗಿ ಓದಿದರು: ಉಪ್ಪುಮೀನು, ಶುಭ ದಿನ, ಶುಭ ಘಳಿಗೆ, ವಾಸ ನೆರೆಮನೆ.

“ಯಾರೇ ಅದು?” ಎಂದು ಅಮ್ಮ ಪಿಸುಗುಟ್ಟಿದಳು.

“ಗೊತ್ತಿಲ್ಲಮ್ಮ. ನಿನ್ನನ್ನ ಕೇಳು ಅಂತ ನಂಗೆ ಹೇಳಿದವ್ರು.”

“ಉಪ್ಪುಮೀನು ಅಂತ ಯಾರಾದ್ರೂ ಮಗೂಗೆ ಹೆಸರಿಡ್ತಾರಾ?” ಅಂದಳು ಅಮ್ಮ. ಆಮೇಲೆ, “ಇಡ್ತಾರೆ ಬಿಡು, ನಂಗೆ ಇಟ್ಟಿಲ್ವಾ” ಎಂದು ಪಕ್ಕದವರ ಹತ್ತಿರ ಇನ್ನೊಂದು ಕಡ್ಡಿ ಇಸಿದುಕೊಂಡು ಹಚ್ಚಿದಳು.